ಶೋರೂಮ್ ಕಾರಿಗೆ ಬೆಟ್ಟದ ಪರೀಕ್ಷೆ

2018ರಲ್ಲಿ ಆಸ್ಟ್ರೇಲಿಯಾದಲ್ಲಿ ಹಳೆಯ ಫೋರ್ಡ್ ಕಾರೊಂದು ಹರಾಜಿಗೆ ಬಂತು. ನಾಲ್ಕು ಬಾಗಿಲು, ಹಿಂದೆ ಉದ್ದನೆಯ ಸೀಟು, ದೊಡ್ಡ ಡಿಕ್ಕಿ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಊರಿಗೆ ಹೋಗಿಬರಲು ಹೇಳಿ ಮಾಡಿಸಿದಂಥ ಗಾಡಿ. 1971ರಲ್ಲಿ ಹೊಸದಾಗಿದ್ದಾಗ ಅದರ ಬೆಲೆ ಐದು ಸಾವಿರ ಚಿಲ್ಲರೆ ಡಾಲರ್. ಹರಾಜಿನ ಕೂಗು ನಿಂತದ್ದು ಹತ್ತು ಲಕ್ಷ ಡಾಲರ್ ದಾಟಿದ ಮೇಲೆ. ಒಂದು ಕಾಲಕ್ಕೆ ಆ ಕಾರು ಜೆಫ್ ಥಾಮ್ಸನ್ ಬಳಿ ಇತ್ತು. 1977-78ರಲ್ಲಿ ನಮ್ಮ ವಿಶ್ವನಾಥ್, ಕಿರ್ಮಾನಿಯವರು ಆಸ್ಟ್ರೇಲಿಯಾದ ಪಿಚ್‌ಗಳಲ್ಲಿ ಎದುರಿಸಿದ ಅದೇ ವೇಗದ ಬೌಲರ್ ಥಾಮ್ಸನ್.

ಬೆಲೆ ಏರಿದ್ದು ಬೌಲರನ ಹೆಸರಿನಿಂದಲೇ ಅಂದುಕೊಳ್ಳಬೇಕಿಲ್ಲ. ಕ್ರಿಕೆಟಿಗರ ಕೈ ಸೋಕದ, ಇದೇ ಮಾದರಿಯ ಬೇರೆ ಕಾರುಗಳೂ ಆಮೇಲೆ ಹತ್ತು ಲಕ್ಷ ಡಾಲರ್ ದಾಟಿವೆ. ಫಾಲ್ಕನ್ ಜಿಟಿಎಚ್ಒ ಫೇಸ್ 3 ಎಂಬ ಈ ಮಾದರಿಯನ್ನು ಫೋರ್ಡ್ ತಯಾರಿಸಿದ್ದು 300 ಮಾತ್ರ. ತಯಾರಿಸಿದ್ದರ ಕಾರಣವೂ ಒಂದೇ: ಬಾಥರ್ಸ್ಟ್ ಎಂಬ ಊರಿನ ಬೆಟ್ಟದ ಮೇಲೆ ವರ್ಷಕ್ಕೊಮ್ಮೆ ನಡೆಯುತ್ತಿದ್ದ ರೇಸ್. ಆ ರೇಸಿಗೆ ಒಂದು ನಿಯಮವಿತ್ತು. ಅಂಗಡಿಯಲ್ಲಿ ಮಾರುವ ಕಾರನ್ನೇ ತರಬೇಕು, ಜನರಿಗೆ ಮಾರದ ಕಾರಿಗೆ ಪ್ರವೇಶವಿಲ್ಲ.

ಕೇಳಲು ಸರಳವಾದ ಈ ನಿಯಮ ಹನ್ನೆರಡು ವರ್ಷ ಒಂದು ದೇಶದ ಕಾರು ಉದ್ಯಮವನ್ನೇ ಆಡಿಸಿತು. ಮಂತ್ರಿಯೊಬ್ಬರ ನಿದ್ದೆ ಕೆಡಿಸಿ, ಕೊನೆಗೆ ತನ್ನ ಯಶಸ್ಸಿಗೆ ತಾನೇ ಬಲಿಯಾಯಿತು.

ಕಾರ್ ರೇಸ್ ಅಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಬರುವುದು ಫಾರ್ಮುಲಾ ಒನ್. ನೆಲಕ್ಕೆ ಅಂಟಿಕೊಂಡ, ಒಬ್ಬನೇ ಕೂರುವ ಆ ವಾಹನಕ್ಕೂ ನಮ್ಮ ಮನೆ ಮುಂದೆ ನಿಂತಿರುವ ಕಾರಿಗೂ ನಾಲ್ಕು ಚಕ್ರಗಳನ್ನು ಬಿಟ್ಟರೆ ಹೆಚ್ಚಿನ ಸಂಬಂಧವಿಲ್ಲ. ಅದು ಎರಡು ಗಂಟೆಯೊಳಗೆ ಮುಗಿಯುವ ಆಟ. ಉತ್ಪಾದನಾ ಕಾರುಗಳ ಸಹಿಷ್ಣುತಾ ರೇಸ್ ಇದಕ್ಕೆ ತದ್ವಿರುದ್ಧ. ಕಾರ್ಖಾನೆಯಿಂದ ಸಾಲಾಗಿ ಹೊರಬರುವ ಮಾಮೂಲಿ ಕಾರು, ಅದಕ್ಕೆ ಆರು, ಹನ್ನೆರಡು ಅಥವಾ ಇಪ್ಪತ್ತನಾಲ್ಕು ಗಂಟೆಯ ಓಟ, ಸರದಿಯ ಮೇಲೆ ಇಬ್ಬರು ಮೂವರು ಚಾಲಕರು. ಯಾರು ಮೊದಲು ಗುರಿ ಮುಟ್ಟಿದರು ಎಂಬುದಕ್ಕಿಂತ ಕೊನೆಯವರೆಗೆ ಯಾವುದು ಉಳಿಯಿತು ಎಂಬುದೇ ಇಲ್ಲಿ ಹೆಚ್ಚಿನ ಕುತೂಹಲ. ಬೆಲ್ಜಿಯಂನ ಸ್ಪಾ, ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ಗಳಲ್ಲೂ ಇಂಥ ರೇಸ್‌ಗಳು ನಡೆದಿವೆ. ಆದರೆ ಅಂಗಡಿ ಮತ್ತು ಟ್ರ್ಯಾಕ್ ನಡುವಿನ ಹಗ್ಗಜಗ್ಗಾಟ ಬಾಥರ್ಸ್ಟ್‌ನಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಕಥೆ ಶುರುವಾಗುವುದು ವಿಕ್ಟೋರಿಯಾ ರಾಜ್ಯದ ಫಿಲಿಪ್ ಐಲೆಂಡ್‌ನಲ್ಲಿ, 1960ರ ನವೆಂಬರ್‌ನಲ್ಲಿ. ಶಾಕ್ ಅಬ್ಸಾರ್ಬರ್ ತಯಾರಿಸುವ ಆರ್ಮ್‌ಸ್ಟ್ರಾಂಗ್ ಕಂಪನಿ ದುಡ್ಡು ಹಾಕಿತು. ರೇಸಿಗೆ ಆರ್ಮ್‌ಸ್ಟ್ರಾಂಗ್ 500 ಎಂದೇ ಹೆಸರಾಯಿತು. ಮೂರು ಮೈಲಿಯ ಟ್ರ್ಯಾಕಿನಲ್ಲಿ 167 ಸುತ್ತು, ಅಂದರೆ 500 ಮೈಲಿ. ಆಸ್ಟ್ರೇಲಿಯಾದಲ್ಲಿ ತಯಾರಾದ ಅಥವಾ ಜೋಡಣೆಯಾದ ಕಾರುಗಳನ್ನು ಸಾಮಾನ್ಯ ಗ್ರಾಹಕನ ಪರವಾಗಿ ಪರೀಕ್ಷಿಸಿ ನೋಡುವುದು ಉದ್ದೇಶ. ಕಾರುಗಳನ್ನು ದರ್ಜೆಗಳಾಗಿ ವಿಂಗಡಿಸಿ ಪ್ರತಿ ದರ್ಜೆಗೂ ಬೇರೆ ಬಹುಮಾನ ಇಟ್ಟಿದ್ದರು. ಮೊದಲ ವರ್ಷ ಎಲ್ಲರಿಗಿಂತ ಮುಂಚೆ ಗುರಿ ಮುಟ್ಟಿದ್ದು ಜಾನ್ ರಾಕ್ಸ್‌ಬರೋ ಮತ್ತು ಫ್ರ್ಯಾಂಕ್ ಕೋಡ್ ಓಡಿಸಿದ ವಾಕ್ಸ್‌ಹಾಲ್ ಕ್ರೆಸ್ಟಾ. ವಾಕ್ಸ್‌ಹಾಲ್ ಹೆಸರು ಹೊಸದೆನಿಸಿದರೆ, ನಮ್ಮ ರಸ್ತೆಗಳಲ್ಲಿ ಒಂದು ಕಾಲಕ್ಕೆ ಮೆರೆದ ಕಾಂಟೆಸಾ ಕಾರಿನ ಮೂಲವೂ ಅದೇ ಕಂಪನಿಯ ವಿಕ್ಟರ್ ಎಂಬುದನ್ನು ನೆನಪಿಸಿಕೊಳ್ಳಬಹುದು.

ಮೂರನೇ ವರ್ಷದ ಹೊತ್ತಿಗೆ ಫಿಲಿಪ್ ಐಲೆಂಡ್‌ನ ಟಾರು ಕಿತ್ತುಬಂತು. 500 ಮೈಲಿ ಓಡಿ ಕಾರುಗಳು ಪಾಸಾದವು, ರಸ್ತೆ ಫೇಲಾಯಿತು. ಹಾಗಾಗಿ 1963ರಲ್ಲಿ ರೇಸ್ ಸಿಡ್ನಿಯಿಂದ ಪಶ್ಚಿಮಕ್ಕೆ ಸುಮಾರು 200 ಕಿಲೋಮೀಟರ್ ದೂರದ ಬಾಥರ್ಸ್ಟ್‌ಗೆ ಬಂತು. ಮತ್ತೆ ಅಲ್ಲಿಂದ ಕದಲಲಿಲ್ಲ.

ಬಾಥರ್ಸ್ಟ್‌ನ ಮೌಂಟ್ ಪನೋರಮಾ ಬೆಟ್ಟದ ರಸ್ತೆಗೂ ಒಂದು ಹಿನ್ನೆಲೆಯಿದೆ. 1930ರ ದಶಕದ ಮಹಾಕುಸಿತದಲ್ಲಿ ಸರ್ಕಾರ ನಿರುದ್ಯೋಗಿಗಳಿಗೆ ಕೆಲಸ ಕೊಡಲು ಹಣ ಕೊಡುತ್ತಿತ್ತು. ಊರಿನ ಮೇಯರ್ ಮಾರ್ಟಿನ್ ಗ್ರಿಫಿನ್ ಜಾಣ. ಬೆಟ್ಟದ ಸುತ್ತ ಪ್ರವಾಸಿಗರಿಗಾಗಿ ವಿಹಾರದ ರಸ್ತೆ ಮಾಡಿಸುತ್ತೇನೆಂದು ಹಣ ತಂದರು. ಮನಸ್ಸಿನಲ್ಲಿದ್ದದ್ದು ರೇಸ್ ಟ್ರ್ಯಾಕ್. 1938ರ ಮಾರ್ಚ್‌ನಲ್ಲಿ ರಸ್ತೆಯ ಉದ್ಘಾಟನೆ, ಏಪ್ರಿಲ್‌ನ ಈಸ್ಟರ್‌ನಲ್ಲಿ ಮೊದಲ ರೇಸ್. ಇವತ್ತಿಗೂ ಅದು ಸಾರ್ವಜನಿಕ ರಸ್ತೆಯೇ. ಅಕ್ಕಪಕ್ಕದಲ್ಲಿ ಮನೆಗಳಿವೆ, ತೋಟಗಳಿವೆ. ರೇಸಿನ ದಿನ ಅಲ್ಲಿನವರು ತಮ್ಮ ಗೇಟಿನಿಂದ ಕಾರು ಹೊರತೆಗೆಯುವ ಹಾಗಿಲ್ಲ.

ಈಗ ಒಂದು ಸುತ್ತಿನ ಉದ್ದ 6.213 ಕಿಲೋಮೀಟರ್. ಕೆಳಗಿನ ತುದಿಗೂ ಮೇಲಿನ ತುದಿಗೂ 174 ಮೀಟರ್ ಎತ್ತರದ ವ್ಯತ್ಯಾಸ. ಆರಂಭದ ಗೆರೆ ದಾಟಿದ ಕೂಡಲೇ ಹೆಲ್ ಕಾರ್ನರ್, ಅಲ್ಲಿಂದ ಏರು. ಕಟಿಂಗ್ ಎಂಬಲ್ಲಿ ಬೆಟ್ಟ ಕೊರೆದ ಗೋಡೆಗಳ ನಡುವೆ ಕಡಿದಾದ ಎಡತಿರುವು. ನೆತ್ತಿಯ ಮೇಲೆ ಸ್ಕೈಲೈನ್. ಅಲ್ಲಿ ಚಾಲಕನಿಗೆ ಕಾಣುವುದು ಆಕಾಶ ಮಾತ್ರ, ರಸ್ತೆ ಮೂಗಿನ ಮುಂದೆ ಪಾತಾಳಕ್ಕೆ ಇಳಿದಿರುತ್ತದೆ. ಹಾವಿನಂತೆ ತಿರುಗುವ ಇಳಿಜಾರು ಮುಗಿಯುವುದು ಫಾರೆಸ್ಟ್ಸ್ ಎಲ್ಬೋ ಎಂಬಲ್ಲಿ. ಜ್ಯಾಕ್ ಫಾರೆಸ್ಟ್ ಎಂಬ ಬೈಕ್ ಸವಾರ ಬಿದ್ದು ಮೊಣಕೈ ತರಚಿಕೊಂಡ ಜಾಗ ಅದು. ಅದಾದ ಮೇಲೆ ಸುಮಾರು ಎರಡು ಕಿಲೋಮೀಟರ್ ಉದ್ದದ ಕಾನ್‌ರಾಡ್ ಸ್ಟ್ರೇಟ್. ಹಿಂದೊಮ್ಮೆ ರೇಸ್ ಕಾರೊಂದರ ಕನೆಕ್ಟಿಂಗ್ ರಾಡ್ ಇಲ್ಲೇ ಮುರಿದದ್ದರಿಂದ ಈ ಹೆಸರು. ಎಂಜಿನ್ ಶಕ್ತಿಯೆಲ್ಲ ಇಲ್ಲಿ ಖರ್ಚಾಗುತ್ತದೆ, ಅದರ ಕೊನೆಯಲ್ಲಿ ಬ್ರೇಕಿನ ಶಕ್ತಿಯೆಲ್ಲ.

ಮಾಮೂಲಿ ಕಾರು ಸೋಲುವುದು ಹೆಚ್ಚಾಗಿ ಎಂಜಿನ್‌ನಲ್ಲಿ ಅಲ್ಲ, ಬ್ರೇಕಿನಲ್ಲಿ. ಒಂದೂವರೆ ಟನ್ ತೂಕದ ಗಾಡಿ ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಇಳಿದು ಬರುತ್ತಿದೆ. ತಿರುವಿಗೆ ಮುಂಚೆ ಆ ವೇಗವನ್ನೆಲ್ಲ ಕಳೆದುಕೊಳ್ಳಬೇಕು. ಕಳೆದದ್ದೆಲ್ಲ ಬ್ರೇಕ್ ಪ್ಯಾಡ್ ಮತ್ತು ಡಿಸ್ಕ್‌ಗಳಲ್ಲಿ ಶಾಖವಾಗುತ್ತದೆ. ಡಿಸ್ಕ್ ಕೆಂಪಗೆ ಕಾಯುತ್ತದೆ, ಆ ಕಾವು ಬ್ರೇಕ್ ಆಯಿಲ್‌ಗೆ ತಾಗಿ ಅದು ಕುದಿಯುತ್ತದೆ. ದ್ರವವನ್ನು ಒತ್ತಿದರೆ ಅದು ಒತ್ತಡವನ್ನು ಮುಂದಕ್ಕೆ ದಾಟಿಸುತ್ತದೆ. ಕುದಿದು ಗುಳ್ಳೆಗಟ್ಟಿದರೆ ಗುಳ್ಳೆ ಅದುಮಿಕೊಳ್ಳುತ್ತದೆ ಅಷ್ಟೆ, ಚಕ್ರ ನಿಲ್ಲುವುದಿಲ್ಲ. ಚಾಲಕ ಪೆಡಲ್ ಒತ್ತುತ್ತಾನೆ, ಪೆಡಲ್ ಮೆತ್ತಗೆ ನೆಲ ಮುಟ್ಟುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಗೇರ್ ಇಳಿಸದೆ ಬ್ರೇಕನ್ನೇ ನಂಬಿ ಬಂದ ಲಾರಿಯ ಪಾಡು ಇದೇ. ಬಾಥರ್ಸ್ಟ್‌ನಲ್ಲಿ ಇದನ್ನು ಒಮ್ಮೆಯಲ್ಲ, 130 ಸುತ್ತು ಮಾಡಬೇಕಿತ್ತು. ಅದೂ ಕಾರ್ಖಾನೆಯವರು ಪೇಟೆಯ ಓಡಾಟಕ್ಕೆಂದು ಕೂರಿಸಿದ ಬ್ರೇಕುಗಳ ಭರವಸೆಯಲ್ಲಿ.

ಹಾಗಾಗಿ ಗೆದ್ದವರು ಬರೀ ವೇಗಿಗಳಲ್ಲ, ಲೆಕ್ಕಾಚಾರದವರು. ಅಂಥವರಲ್ಲಿ ಹ್ಯಾರಿ ಫರ್ತ್ ಮೊದಲಿಗ. ಮೆಕ್ಯಾನಿಕ್, ಚಾಲಕ, ತಂಡದ ಯಜಮಾನ ಎಲ್ಲವೂ ಆಗಿದ್ದ ಈತನಿಗೆ ರೇಸ್ ವಲಯದಲ್ಲಿ 'ನರಿ' ಎಂದೇ ಹೆಸರು. ಬಾಬ್ ಜೇನ್ ಜೊತೆ ಸೇರಿ 1961ರಲ್ಲಿ ಮರ್ಸಿಡಿಸ್ ಬೆಂಜ್, 1962ರಲ್ಲಿ ಫೋರ್ಡ್ ಫಾಲ್ಕನ್, 1963ರಲ್ಲಿ ಫೋರ್ಡ್ ಕಾರ್ಟಿನಾ ಜಿಟಿ ಓಡಿಸಿ ಸತತ ಮೂರು ಬಾರಿ ಗೆದ್ದ. ಬೇರೆ ಬೇರೆ ಮೂರು ಕಾರು, ಗೆಲುವು ಮಾತ್ರ ಒಂದೇ ಜೋಡಿಗೆ. ಎಲ್ಲಿ ಕಾಲು ಸಡಿಲಿಸಿದರೆ ಎಷ್ಟು ಪೆಟ್ರೋಲ್ ಉಳಿದೀತು, ಟೈರ್ ಎಷ್ಟು ಸುತ್ತು ಬಂದೀತು ಎಂಬುದು ಫರ್ತ್‌ಗೆ ಬಾಯಿಪಾಠ.

ಸುತ್ತುಗಳ ಎಣಿಕೆಯಾದರೂ ಆಗ ಕಂಪ್ಯೂಟರಿನದಲ್ಲ. ಗೆರೆಯ ಬಳಿ ಕೂತವರು ಕಾರು ಬಂದಂತೆಲ್ಲ ಕೈಯಲ್ಲಿ ಬರೆದುಕೊಳ್ಳುತ್ತಿದ್ದರು. 1967ರಲ್ಲಿ ಗೇಗನ್ ಸಹೋದರರಾದ ಲಿಯೋ ಮತ್ತು ಇಯಾನ್ ಮೊದಲು ಬಾವುಟ ಕಂಡರು. ಮರು ಎಣಿಕೆ ಮಾಡಿದಾಗ ಗೆದ್ದದ್ದು ಹ್ಯಾರಿ ಫರ್ತ್ ಮತ್ತು ಫ್ರೆಡ್ ಗಿಬ್ಸನ್ ಎಂದು ತೀರ್ಮಾನವಾಯಿತು. ಹೀಗೆ ತೀರ್ಪು ತಿರುಗಿದರೂ ಫೋರ್ಡ್‌ಗೆ ನಷ್ಟವಿರಲಿಲ್ಲ, ಎರಡೂ ಅವರದೇ ತಂಡದ ಕಾರು.

ಅದಕ್ಕೆ ಹಿಂದಿನ ವರ್ಷ, 1966ರಲ್ಲಿ, ನಡೆದದ್ದು ಇನ್ನೂ ಸ್ವಾರಸ್ಯ. ಫಿನ್ಲೆಂಡ್‌ನ ರ್‍ಯಾಲಿ ಚಾಲಕ ರೌನೋ ಆಲ್ಟೊನೆನ್ ಮತ್ತು ಬಾಬ್ ಹೋಲ್ಡನ್ ಮಿನಿ ಕೂಪರ್ ಎಸ್‌ನಲ್ಲಿ ಗೆದ್ದರು. 1,275 ಸಿಸಿ ಎಂಜಿನ್‌ನ ಬೆಂಕಿಪೊಟ್ಟಣದಂಥ ಕಾರು ಅದು. ಅದೊಂದೇ ಆಗಿದ್ದರೆ ಅದೃಷ್ಟ ಎನ್ನಬಹುದಿತ್ತು. ಮೊದಲ ಒಂಬತ್ತು ಸ್ಥಾನಗಳೂ ಮಿನಿಗಳ ಪಾಲಾದವು. ತೂಕ ಕಡಿಮೆಯಾದರೆ ಬ್ರೇಕ್ ಕಾಯುವುದು ಕಡಿಮೆ, ಟೈರ್ ಸವೆಯುವುದು ಕಡಿಮೆ. ನೇರ ದಾರಿಯಲ್ಲಿ ದೊಡ್ಡವರು ಗಳಿಸಿದ್ದನ್ನು ಬೆಟ್ಟದ ಮೇಲೆ ಚಿಕ್ಕವರು ವಾಪಸ್ ಕಿತ್ತುಕೊಂಡರು.

ದೊಡ್ಡವರು ಸುಮ್ಮನಿರಲಿಲ್ಲ. 1967ರಲ್ಲಿ ಫೋರ್ಡ್ ತನ್ನ ಸಂಸಾರಸ್ಥ ಫಾಲ್ಕನ್‌ಗೆ ಎಂಟು ಸಿಲಿಂಡರಿನ ವಿ8 ಎಂಜಿನ್ ಕೂರಿಸಿ ಜಿಟಿ ಎಂದು ಹೆಸರಿಟ್ಟು ಮಾರಿತು, ಬೆಟ್ಟಕ್ಕೂ ತಂದಿತು. ಇನ್ನೊಂದು ಕಡೆ ಹೋಲ್ಡನ್. ಜನರಲ್ ಮೋಟರ್ಸ್‌ನ ಅಂಗವಾದರೂ ಆಸ್ಟ್ರೇಲಿಯನ್ನರಿಗೆ ಅದು 'ನಮ್ಮ ಕಾರು'. 1948ರ ನವೆಂಬರ್ 29ರಂದು ಮೊದಲ ಹೋಲ್ಡನ್ ಕಾರನ್ನು ಬಿಡುಗಡೆ ಮಾಡಿದ ಪ್ರಧಾನಿ ಬೆನ್ ಚಿಫ್ಲಿ ಇದೇ ಬಾಥರ್ಸ್ಟ್‌ನವರು, ರಾಜಕೀಯಕ್ಕೆ ಬರುವ ಮುಂಚೆ ರೈಲು ಎಂಜಿನ್ ಓಡಿಸುತ್ತಿದ್ದವರು. ಫೋರ್ಡ್ ಮನೆತನ, ಹೋಲ್ಡನ್ ಮನೆತನ ಎಂದು ದೇಶ ಎರಡಾಗಿ ಒಡೆಯಿತು. ಭಾನುವಾರ ಬೆಟ್ಟದಲ್ಲಿ ಗೆದ್ದ ಕಾರು ಸೋಮವಾರ ಅಂಗಡಿಯಲ್ಲಿ ಖರ್ಚಾಗುತ್ತದೆ ಎಂಬುದು ಡೀಲರುಗಳ ನಂಬಿಕೆ.

ಈ ಫಾಲ್ಕನ್ ಜಿಟಿಯ ಮುಂದಿನ ಆವೃತ್ತಿ ಭಾರತದ ರಸ್ತೆಯನ್ನೂ ಕಂಡಿದೆ. 1968ರ ಲಂಡನ್-ಸಿಡ್ನಿ ಮ್ಯಾರಥಾನ್‌ನಲ್ಲಿ ಯುರೋಪು, ಇರಾನ್, ಅಫ್ಘಾನಿಸ್ತಾನ ದಾಟಿ ಬಂದ ಕಾರುಗಳು ಮುಂಬಯಿಯಲ್ಲಿ ಹಡಗು ಹತ್ತಿ ಆಸ್ಟ್ರೇಲಿಯಾದ ಫ್ರಿಮ್ಯಾಂಟಲ್‌ನಲ್ಲಿ ಇಳಿದವು. ಮೂರು ಫಾಲ್ಕನ್‌ಗಳಿದ್ದ ಫೋರ್ಡ್ ತಂಡಕ್ಕೆ ತಂಡ ಪ್ರಶಸ್ತಿ ಬಂತು. ಆ ಮ್ಯಾರಥಾನ್‌ನಲ್ಲಿ ಇವಾನ್ ಗ್ರೀನ್ ಎಂಬ ಪತ್ರಕರ್ತನೂ ಬಿಎಂಸಿ ಕಾರೊಂದನ್ನು ಓಡಿಸಿದ್ದ. ಈತನ ಹೆಸರು ಮುಂದೆ ಮತ್ತೆ ಬರಲಿದೆ.

1968ರಲ್ಲಿ ಹೋಲ್ಡನ್ ಮೊನಾರೊ ಗೆದ್ದಿತು. ಚಾಲಕ ಬ್ರೂಸ್ ಮೆಕ್‌ಫೀ. ಇಬ್ಬರು ಚಾಲಕರು ಇರಲೇಬೇಕೆಂಬ ನಿಯಮ ಪಾಲಿಸಲು ಜೊತೆಗಾರ ಬ್ಯಾರಿ ಮುಲ್ಹಾಲೆಂಡ್‌ಗೆ ಒಂದೇ ಒಂದು ಸುತ್ತು ಬಿಟ್ಟುಕೊಟ್ಟ. ಆಮೇಲೆ ಫೋರ್ಡ್‌ನವರು ಫರ್ತ್‌ನನ್ನು ಕೈಬಿಟ್ಟರು. ನರಿ ನೇರ ಎದುರಾಳಿಯ ಪಾಳೆಯಕ್ಕೆ ಹೋಯಿತು. ಜನರಲ್ ಮೋಟರ್ಸ್ ರೇಸಿಗೆ ಹಣ ಹಾಕುವಂತಿಲ್ಲ ಎಂದು ಅಮೆರಿಕದ ಕೇಂದ್ರ ಕಚೇರಿಯ ಕಟ್ಟಪ್ಪಣೆ. ಅದಕ್ಕೇ ತಂಡದ ಹೆಸರನ್ನು ಹೋಲ್ಡನ್ ಡೀಲರ್ ಟೀಮ್ ಎಂದಿಟ್ಟರು. ಹಣ ಡೀಲರುಗಳದ್ದು, ಕಂಪನಿಗೆ ಸಂಬಂಧವಿಲ್ಲ ಎಂಬ ನೆಪ! 1969ರಲ್ಲಿ ಆ ತಂಡ ಗೆದ್ದೂಬಿಟ್ಟಿತು. ಫೋರ್ಡ್ ಅಮೆರಿಕದಿಂದ ತರಿಸಿದ್ದ ರೇಸಿಂಗ್ ಟೈರ್‌ಗಳು ಬೆಟ್ಟದಲ್ಲಿ ಕೈಕೊಟ್ಟವು.

ಆ ವರ್ಷ ಫೋರ್ಡ್ ಇಳಿಸಿದ ಕಾರೇ ಜಿಟಿಎಚ್ಒ. ಕೊನೆಯ ಎರಡು ಅಕ್ಷರಗಳ ಅರ್ಥ 'ಹ್ಯಾಂಡ್ಲಿಂಗ್ ಆಪ್ಷನ್', ಅಂದರೆ ರಸ್ತೆಯ ಮೇಲೆ ಹಿಡಿತ ಹೆಚ್ಚಿಸುವ ಜೋಡಣೆ. ಎಂಜಿನ್ ಶಕ್ತಿಯ ಸುದ್ದಿಯೇ ಇಲ್ಲದ ಸಾಧು ಹೆಸರು. ವಿಮೆ ಕಂಪನಿಯವರು ಗಾಬರಿಯಾಗದಿರಲಿ ಎಂದೇ ಹಾಗೆ ಇಟ್ಟರೆಂದು ಹೇಳುತ್ತಾರೆ. ಎರಡು ವರ್ಷದ ನಂತರ ಬಂದ ಫೇಸ್ 3ರ ಒಳಗಿದ್ದದ್ದು 5.8 ಲೀಟರ್‌ನ ವಿ8. ಪೆಟ್ರೋಲ್ ಟ್ಯಾಂಕ್ 36 ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 164 ಲೀಟರ್. ಡಿಕ್ಕಿಯ ಹೆಚ್ಚಿನ ಜಾಗವನ್ನು ಅದೇ ನುಂಗಿತ್ತು. ಪೇಟೆಯಲ್ಲಿ ಓಡಾಡುವವನಿಗೆ 164 ಲೀಟರ್ ಟ್ಯಾಂಕ್ ಏಕೆ? ಅವನಿಗೆ ಬೇಡ. ಬಾಥರ್ಸ್ಟ್‌ನಲ್ಲಿ ಪೆಟ್ರೋಲ್ ತುಂಬಿಸಲು ಪಿಟ್‌ಗೆ ಬರುವುದನ್ನು ಕಡಿಮೆ ಮಾಡಲು ಬೇಕು. ಜನರಿಗೆ ಮಾರದಿದ್ದರೆ ರೇಸಿಗೆ ಬಿಡುವುದಿಲ್ಲ, ಆದ್ದರಿಂದ ಜನರಿಗೂ ಅದೇ ಟ್ಯಾಂಕ್.

ನಿಯಮ ತಲೆಕೆಳಗಾದದ್ದು ಇಲ್ಲೇ. ಅಂಗಡಿಯ ಕಾರು ಬೆಟ್ಟದಲ್ಲಿ ಓಡಲಿ ಎಂದು ಮಾಡಿದ ನಿಯಮದಿಂದ ಬೆಟ್ಟದ ಕಾರು ಅಂಗಡಿಗೆ ಬಂದು ಕೂತಿತು.

1970 ಮತ್ತು 1971ರಲ್ಲಿ ಜಿಟಿಎಚ್ಒ ಓಡಿಸಿ ಗೆದ್ದವನು ಅಲನ್ ಮೊಫಾಟ್. ಎರಡು ಸಲವೂ ಜೊತೆಗಾರನಿಲ್ಲದೆ, ಆರು ಗಂಟೆಗೂ ಹೆಚ್ಚು ಹೊತ್ತು ಒಬ್ಬನೇ. 1971ರಲ್ಲಿ ಬಿಯರ್ ಡಬ್ಬಿಗಳ ಖಾಲಿ ರಟ್ಟಿನ ಪೆಟ್ಟಿಗೆಯೊಂದು ಗಾಳಿಗೆ ಹಾರಿ ಬಂದು ಅವನ ಕಾರಿನ ಮೂತಿಗೆ ಅಂಟಿಕೊಂಡಿತು. ರೇಡಿಯೇಟರ್‌ಗೆ ಗಾಳಿ ಹೋಗುವ ಜಾಗವದು. ನಿಂತು ತೆಗೆದರೆ ಸಮಯ ನಷ್ಟ, ತೆಗೆಯದಿದ್ದರೆ ಎಂಜಿನ್ ಕಾದು ಕೆಟ್ಟೀತು. ಉಷ್ಣತೆಯ ಮುಳ್ಳಿನ ಮೇಲೆ ಒಂದು ಕಣ್ಣಿಟ್ಟು ಮೊಫಾಟ್ ಓಡಿಸುತ್ತಲೇ ಹೋದ. ಏನೂ ಆಗಲಿಲ್ಲ. ಆ ಪೆಟ್ಟಿಗೆ ಹೊತ್ತ ಫಾಲ್ಕನ್‌ನ ಚಿತ್ರ ಆಸ್ಟ್ರೇಲಿಯಾದ ರೇಸ್ ಇತಿಹಾಸದಲ್ಲಿ ಶಾಶ್ವತವಾಯಿತು. ಅದೇ ರೇಸಿನಲ್ಲಿ ಕ್ರೈಸ್ಲರ್‌ನವರು ಚಾರ್ಜರ್ ಎಂಬ ಅಂದದ ಕಾರು ತಂದಿದ್ದರು. ಮೂರು ವೆಬರ್ ಕಾರ್ಬ್ಯುರೇಟರ್ ಇದ್ದ ಬಲವಾದ ಎಂಜಿನ್ ಸರಿ, ಗೇರು ಮಾತ್ರ ಮೂರೇ. ಸೋಲದೆ ಇನ್ನೇನು.

ಅದೇ 1971ರಲ್ಲಿ 'ವೀಲ್ಸ್' ಎಂಬ ಕಾರು ಪತ್ರಿಕೆ ಒಂದು ಫೋಟೋ ಪ್ರಕಟಿಸಿತು. ಫೇಸ್ 3 ಕಾರಿನೊಳಗಿಂದ ತೆಗೆದದ್ದು. ಸ್ಟಿಯರಿಂಗ್‌ನ ಹಿಂದೆ ವೇಗದ ಮುಳ್ಳು 140 ಮೈಲಿಯ ಗುರುತನ್ನು ದಾಟಿ ನಿಂತಿದೆ, ಅಂದರೆ ಗಂಟೆಗೆ 225 ಕಿಲೋಮೀಟರ್. ಗಾಜಿನಾಚೆ ಕಾಣುವುದು ರೇಸ್ ಟ್ರ್ಯಾಕ್ ಅಲ್ಲ, ಹ್ಯೂಮ್ ಹೈವೇ. ಸಿಡ್ನಿಗೂ ಮೆಲ್ಬರ್ನ್‌ಗೂ ನಡುವಿನ, ಲಾರಿ ಬಸ್ಸು ಓಡಾಡುವ ಹೆದ್ದಾರಿ. ಕಾರುಪ್ರೇಮಿಗಳು ಆ ಪುಟ ಕತ್ತರಿಸಿ ಗೋಡೆಗೆ ಅಂಟಿಸಿಕೊಂಡರು. ಉಳಿದವರಿಗೆ ಹೊಟ್ಟೆ ಕಲಕಿದ್ದರೆ ಆಶ್ಚರ್ಯವಿಲ್ಲ. 1970ರಲ್ಲಿ ಆಸ್ಟ್ರೇಲಿಯಾದ ರಸ್ತೆಗಳಲ್ಲಿ ಸತ್ತವರು 3,798 ಜನ. ಆ ದೇಶದ ಇತಿಹಾಸದಲ್ಲೇ ಅತಿ ಹೆಚ್ಚು. ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಕ್ಟೋರಿಯಾ ರಾಜ್ಯ ಸೀಟ್ ಬೆಲ್ಟ್ ಕಡ್ಡಾಯ ಮಾಡಿತು. ಜಗತ್ತಿನಲ್ಲೇ ಮೊದಲು.

ಇಂಥ ಹೊತ್ತಿನಲ್ಲಿ, 1972ರ ಜೂನ್ 25ರ ಭಾನುವಾರ, ಸಿಡ್ನಿಯ 'ಸನ್-ಹೆರಾಲ್ಡ್' ಪತ್ರಿಕೆಯಲ್ಲಿ ಇವಾನ್ ಗ್ರೀನ್‌ನ ವರದಿ ಬಂತು. ಗಂಟೆಗೆ 160 ಮೈಲಿ ಓಡುವ ಸೂಪರ್ ಕಾರುಗಳು ಸದ್ಯದಲ್ಲೇ ಮಾರಾಟಕ್ಕೆ ಬರಲಿವೆ ಎಂಬುದು ಸಾರಾಂಶ. ಫೋರ್ಡ್ ಫೇಸ್ 4 ತಯಾರಿಸುತ್ತಿತ್ತು. ಹೋಲ್ಡನ್ ತನ್ನ ಪುಟ್ಟ ಟೊರಾನಾಗೆ ವಿ8 ತುರುಕುವ ಯೋಚನೆಯಲ್ಲಿತ್ತು. ಕ್ರೈಸ್ಲರ್ ಕೂಡ ಸರದಿಯಲ್ಲಿತ್ತು. ನ್ಯೂ ಸೌತ್ ವೇಲ್ಸ್‌ನ ಸಾರಿಗೆ ಮಂತ್ರಿ ಮಿಲ್ಟನ್ ಮಾರಿಸ್ ಕೆರಳಿದರು. ಇಂಥ ಕಾರು ಮಾಡಿದರೆ ಸರ್ಕಾರಿ ಇಲಾಖೆಗಳು ನಿಮ್ಮ ಕಾರುಗಳನ್ನೇ ಕೊಳ್ಳುವುದಿಲ್ಲ ಎಂಬ ಬೆದರಿಕೆ ಬಂದಾಗ ಕಂಪನಿಗಳು ತಡಮಾಡಲಿಲ್ಲ. ಸಾವಿರಾರು ಸರ್ಕಾರಿ ಕಾರುಗಳ ವ್ಯಾಪಾರದ ಮುಂದೆ ಒಂದು ಟ್ರೋಫಿ ಯಾವ ಲೆಕ್ಕ? ಕೆಲವೇ ದಿನಗಳಲ್ಲಿ ಮೂರೂ ಕಂಪನಿಗಳು ಯೋಜನೆ ಕೈಬಿಟ್ಟವು. ಫೇಸ್ 4 ಫಾಲ್ಕನ್‌ಗಳು ಹುಟ್ಟಿದ್ದು ನಾಲ್ಕೇ.

ರೇಸ್ ಅಭಿಮಾನಿಗಳು ಗ್ರೀನ್ ಮತ್ತು ಮಾರಿಸ್ ಇಬ್ಬರನ್ನೂ ಇಂದಿಗೂ ಶಪಿಸುತ್ತಾರೆ. ರ್‍ಯಾಲಿ ಓಡಿಸಿದವನೇ ಹೀಗೆ ಬರೆಯಬಹುದೇ ಎಂಬ ಸಿಟ್ಟು. ಆದರೆ ಮಂತ್ರಿಯ ಮಾತಿನಲ್ಲಿ ತಪ್ಪೇನಿತ್ತು? ಬಾಥರ್ಸ್ಟ್‌ನಲ್ಲಿ ಮೊಫಾಟ್ ಕೂರುತ್ತಿದ್ದ ಕಾರಿನಲ್ಲಿ, ಸಂಜೆ ಎರಡು ಪೆಗ್ ಹಾಕಿದ ಇಪ್ಪತ್ತರ ಹುಡುಗನೂ ಹೈವೇಗೆ ಇಳಿಯಬಹುದಿತ್ತು. ಅದಕ್ಕೆ ಬೇಕಿದ್ದದ್ದು ಐದು ಸಾವಿರ ಡಾಲರ್ ಮತ್ತು ಮಾಮೂಲಿ ಲೈಸೆನ್ಸ್.

ಆ ವರ್ಷದ ಅಕ್ಟೋಬರ್‌ನಲ್ಲಿ ಹಳೆಯ ಮಾದರಿಗಳೊಂದಿಗೇ ರೇಸ್ ನಡೆಯಿತು. ಅವತ್ತು ಮಳೆ. ಮೊಫಾಟ್‌ನ ದೊಡ್ಡ ಫಾಲ್ಕನ್ ಎದುರು 27 ವರ್ಷದ ಪೀಟರ್ ಬ್ರಾಕ್ ಓಡಿಸಿದ್ದು ಆರು ಸಿಲಿಂಡರಿನ, 3.3 ಲೀಟರ್‌ನ ಟೊರಾನಾ. ನೆಂದ ಬೆಟ್ಟದಲ್ಲಿ ಹಗುರ ಕಾರಿನ ಕೈ ಮೇಲಾಯಿತು. ಪೆಟ್ರೋಲ್ ತುಂಬುತ್ತಿರುವಾಗಲೇ ಎಂಜಿನ್ ಚಾಲೂ ಮಾಡಿದ್ದಕ್ಕೆ ಮೊಫಾಟ್‌ಗೆ ಎರಡು ಬಾರಿ ಒಂದೊಂದು ನಿಮಿಷದ ದಂಡವೂ ಬಿತ್ತು. ಬ್ರಾಕ್ ಒಬ್ಬನೇ ಓಡಿಸಿ ಗೆದ್ದ. ಮುಂದೆ ಒಟ್ಟು ಒಂಬತ್ತು ಬಾರಿ ಗೆದ್ದು 'ಬೆಟ್ಟದ ರಾಜ' ಎನಿಸಿಕೊಂಡವನ ಮೊದಲ ಗೆಲುವು ಅದು. 500 ಮೈಲಿಯ ಕೊನೆಯ ರೇಸ್, ಒಬ್ಬನೇ ಓಡಿಸಿ ಗೆದ್ದ ಕೊನೆಯ ರೇಸ್, ಅಂಗಡಿಯ ಕಾರನ್ನೇ ತರಬೇಕೆಂಬ ಕಟ್ಟುನಿಟ್ಟಿನ ಕೊನೆಯ ರೇಸ್ ಕೂಡ ಅದೇ.

1973ರಿಂದ ದೂರ ಸಾವಿರ ಕಿಲೋಮೀಟರ್ ಆಯಿತು. ಟ್ರ್ಯಾಕಿಗೆ ತರುವ ಕಾರನ್ನು ಮಾರ್ಪಡಿಸಿಕೊಳ್ಳಬಹುದು, ಆ ಮಾರ್ಪಾಟನ್ನೆಲ್ಲ ಗ್ರಾಹಕನಿಗೆ ಮಾರಬೇಕಿಲ್ಲ ಎಂದು ನಿಯಮ ಬದಲಾಯಿತು. ರಸ್ತೆಗೆ ಒಳ್ಳೆಯದಾಯಿತು. ರೇಸೂ ಸೊರಗಲಿಲ್ಲ, ಬದಲಿಗೆ ಇನ್ನಷ್ಟು ದೊಡ್ಡ ಜಾತ್ರೆಯಾಯಿತು. 1979ರಲ್ಲಿ ಸಿಡ್ನಿಯ ಚಾನೆಲ್ ಸೆವೆನ್ ಎಂಜಿನಿಯರುಗಳು ಓಡುವ ಕಾರಿನೊಳಗೆ ಕ್ಯಾಮೆರಾ ಇಟ್ಟು ಚಾಲಕನ ಪಕ್ಕದಲ್ಲೇ ಪ್ರೇಕ್ಷಕರನ್ನು ಕೂರಿಸಿದರು. ಅದೇ ವರ್ಷ ಬ್ರಾಕ್ ಮತ್ತು ಜಿಮ್ ರಿಚರ್ಡ್ಸ್ ಆರು ಸುತ್ತುಗಳ ಅಂತರದಿಂದ ಗೆದ್ದರು. ಅಷ್ಟು ಮುಂದಿದ್ದೂ ಬ್ರಾಕ್ ಕಟ್ಟಕಡೆಯ ಸುತ್ತಿನಲ್ಲೇ ವೇಗದ ದಾಖಲೆ ಬರೆದ.

ಮರುವರ್ಷ ಡಿಕ್ ಜಾನ್ಸನ್ ಮುಂಚೂಣಿಯಲ್ಲಿದ್ದಾಗ ಕಟಿಂಗ್ ಬಳಿ ರಸ್ತೆಗೆ ಬಿದ್ದಿದ್ದ ಬಂಡೆಗೆ ಢಿಕ್ಕಿ ಹೊಡೆದು ಕಾರು ನುಜ್ಜಾಯಿತು. ಇದ್ದಬದ್ದದ್ದನ್ನೆಲ್ಲ ಆ ಕಾರಿಗೆ ಸುರಿದಿದ್ದ ಆತ ಟಿವಿಯ ಮುಂದೆ ಕಣ್ಣೀರಿಟ್ಟ. ನೋಡುತ್ತಿದ್ದ ಜನ ಫೋನ್ ಮಾಡಿ ಹಣ ಕೊಡತೊಡಗಿದರು. ಸೇರಿದಷ್ಟೇ ಹಣವನ್ನು ಫೋರ್ಡ್ ಕೂಡ ಕೊಟ್ಟಿತು. 1981ರಲ್ಲಿ ಜಾನ್ಸನ್ ಗೆದ್ದ. ಬೆಟ್ಟದ ನೆತ್ತಿಯ ಮೇಲೆ ಡೇರೆ ಹಾಕಿ ನಾಲ್ಕಾರು ದಿನ ಬಿಡಾರ ಹೂಡುವ ಅಭಿಮಾನಿಗಳ ಕಥೆ ಬೇರೆಯೇ. ಒಬ್ಬರಿಗೆ ದಿನಕ್ಕೆ 24 ಡಬ್ಬಿಗಿಂತ ಹೆಚ್ಚು ಬಿಯರ್ ತರುವಂತಿಲ್ಲ ಎಂದು ಪೊಲೀಸರು ಮಿತಿ ಹೇರಬೇಕಾಯಿತು. ಮಿತಿಯೇ ಇಷ್ಟಾದರೆ ಅದಕ್ಕೆ ಮುಂಚೆ ಎಷ್ಟು ತರುತ್ತಿದ್ದರೋ.

ಆದರೆ ಆ ಸಾವಿರ ಕಿಲೋಮೀಟರ್ ರೇಸಿನ ಕಾರು ಈಗ ಹೊರನೋಟಕ್ಕೆ ಮಾತ್ರ ಅಂಗಡಿಯದು. ಒಳಗೆಲ್ಲ ರೇಸಿಗಾಗಿಯೇ ಕಟ್ಟಿದ ಚೌಕಟ್ಟು, ರೇಸಿಗಾಗಿಯೇ ಮಾಡಿದ ಯಂತ್ರ. ಫೋರ್ಡ್ 2016ರಲ್ಲಿ, ಹೋಲ್ಡನ್ 2017ರಲ್ಲಿ ಆಸ್ಟ್ರೇಲಿಯಾದ ಕಾರ್ಖಾನೆಗಳಿಗೆ ಬೀಗ ಹಾಕಿದವು. ಹೋಲ್ಡನ್ ಎಂಬ ಹೆಸರೇ ಈಗ ಮಾರುಕಟ್ಟೆಯಲ್ಲಿಲ್ಲ. 2023ರಲ್ಲಿ ಬೆಟ್ಟದಲ್ಲಿ ಸೆಣಸಿದ್ದು ಅಮೆರಿಕದ ಎರಡು ಹೆಸರುಗಳು, ಮಸ್ಟಾಂಗ್ ಮತ್ತು ಕಮಾರೊ.

ಹಳೆಯ ನಿಯಮ ಮಾತ್ರ ಪೂರ್ತಿ ಸಾಯಲಿಲ್ಲ. 1991ರ ಈಸ್ಟರ್‌ನಲ್ಲಿ ಉತ್ಪಾದನಾ ಕಾರುಗಳಿಗೇ ಮೀಸಲಾದ ಹನ್ನೆರಡು ಗಂಟೆಯ ರೇಸ್ ಶುರುವಾಯಿತು. ಮೊದಲ ವರ್ಷ ಟೊಯೊಟಾ ಸುಪ್ರಾ, ಆಮೇಲೆ ಮೂರು ವರ್ಷ ಮಜ್ದಾ ಆರ್‌ಎಕ್ಸ್-7. ನಿಯಮ ಮರಳಿದ ಮೇಲೆ ಹಳೆಯ ಚಟವೂ ಮರಳಬೇಕಲ್ಲ. ಪೋರ್ಷೆಯನ್ನು ಮಣಿಸಲೆಂದು ಮಜ್ದಾ 1995ರಲ್ಲಿ ಆರ್‌ಎಕ್ಸ್-7 ಎಸ್‌ಪಿ ಎಂಬ ವಿಶೇಷ ಮಾದರಿಯನ್ನು ಬೆರಳೆಣಿಕೆಯಷ್ಟು ತಯಾರಿಸಿ ಮಾರಿತು. ಅದರಲ್ಲಿದ್ದದ್ದು 120 ಲೀಟರ್ ಹಿಡಿಯುವ ಕಾರ್ಬನ್ ಫೈಬರ್ ಟ್ಯಾಂಕ್. ಕಾಲು ಶತಮಾನ ಕಳೆದರೂ ಅದೇ ಟ್ಯಾಂಕಿನ ಉಪಾಯ! ಆ ವರ್ಷ ರೇಸ್ ಬಾಥರ್ಸ್ಟ್ ಬಿಟ್ಟು ಸಿಡ್ನಿಯ ಈಸ್ಟರ್ನ್ ಕ್ರೀಕ್‌ಗೆ ಹೋಗಿತ್ತು. ಮಜ್ದಾ ಅಲ್ಲೂ ಗೆದ್ದಿತು, ಡಿಕ್ ಜಾನ್ಸನ್ ಮತ್ತು ಜಾನ್ ಬೋ ಕೈಯಲ್ಲಿ. 2007ರಲ್ಲಿ ಬಾಥರ್ಸ್ಟ್‌ನಲ್ಲಿ ಮತ್ತೆ ಆರಂಭವಾದ ಹನ್ನೆರಡು ಗಂಟೆಯ ರೇಸ್ 2011ರಿಂದ ರೇಸಿಗೆಂದೇ ಕಟ್ಟಿದ ದುಬಾರಿ ಜಿಟಿ3 ಕಾರುಗಳ ಪಾಲಾಯಿತು.

ಉಳಿದಿರುವುದು 2016ರಿಂದ ಈಸ್ಟರ್‌ಗೆ ನಡೆಯುವ ಬಾಥರ್ಸ್ಟ್ ಆರು ಗಂಟೆ. 1960ರ ಆರ್ಮ್‌ಸ್ಟ್ರಾಂಗ್ ರೇಸಿನ ನಿಜವಾದ ವಾರಸುದಾರ ಇದೇ. ಬಿಎಂಡಬ್ಲ್ಯೂ ಎಂ ಸರಣಿಯ ಕಾರುಗಳಿಂದ ಹಿಡಿದು ಸಣ್ಣ ಹ್ಯಾಚ್‌ಬ್ಯಾಕ್‌ವರೆಗೆ ದರ್ಜೆವಾರು ಹತ್ತಾರು ಕಾರುಗಳು ಒಟ್ಟಿಗೇ ಓಡುತ್ತವೆ. ಒಳಗೆ ಚಾಲಕನ ರಕ್ಷಣೆಗೆ ಉಕ್ಕಿನ ಪಂಜರ, ಬಿಗಿಯಾದ ಸೀಟು, ಬೆಲ್ಟು, ಬೆಂಕಿ ಆರಿಸುವ ಸಾಧನ ಕಡ್ಡಾಯ. ಎಂಜಿನ್ ಮಾತ್ರ ಬಹುಮಟ್ಟಿಗೆ ಅಂಗಡಿಯದೇ. ಹೆಸರಾಂತ ವೃತ್ತಿಪರ ಚಾಲಕನ ಪಕ್ಕದಲ್ಲೇ ವಾರವೆಲ್ಲ ಗ್ಯಾರೇಜ್ ನಡೆಸಿ ಶನಿವಾರ ಹೆಲ್ಮೆಟ್ ಹಾಕಿಕೊಂಡವನೂ ಇರುತ್ತಾನೆ. ಅವನ ಪುಟ್ಟ ಕಾರು ಇಳಿಜಾರಿನಲ್ಲಿ ಕನ್ನಡಿ ನೋಡಿಕೊಂಡು ದೊಡ್ಡವರಿಗೆ ದಾರಿ ಬಿಡಬೇಕು, ತನ್ನ ದರ್ಜೆಯವನಿಗೆ ಬಿಡಬಾರದು. ಎರಡು ರೇಸ್ ಒಂದೇ ರಸ್ತೆಯಲ್ಲಿ! ಬಹುತೇಕ ವರ್ಷ ಗೆದ್ದಿರುವುದು ಬಿಎಂಡಬ್ಲ್ಯೂ. ಅದು ಸ್ವಲ್ಪ ಬೇಸರದ ಸಂಗತಿಯೇ, ಆದರೂ ಕೆಳದರ್ಜೆಗಳ ಹಣಾಹಣಿ ಆ ಬೇಸರ ಕಳೆಯುತ್ತದೆ.

ಸಿಡ್ನಿಯಲ್ಲಿ ನೆಲೆಸಿರುವ ಕನ್ನಡಿಗರು ಕಡಿಮೆಯಿಲ್ಲ. ಅವರ ಮನೆಗೆ ಹೋಗುವ ಅಪ್ಪ ಅಮ್ಮಂದಿರೂ ಕಡಿಮೆಯಿಲ್ಲ. ಬಾಥರ್ಸ್ಟ್ ಸುಮಾರು ಮೂರು ಗಂಟೆಯ ದಾರಿ. ರೇಸ್ ಇಲ್ಲದ ದಿನಗಳಲ್ಲಿ ಬೆಟ್ಟದ ರಸ್ತೆ ಎಲ್ಲರಿಗೂ ತೆರೆದಿರುತ್ತದೆ, ಟಿಕೆಟ್ ಬೇಕಿಲ್ಲ. ಮನೆಯ ಕಾರಿನಲ್ಲೇ ಹೆಲ್ ಕಾರ್ನರ್ ತಿರುಗಿ, ಸ್ಕೈಲೈನ್ ಏರಿ, ಕಾನ್‌ರಾಡ್ ಸ್ಟ್ರೇಟ್‌ನಲ್ಲಿ ಇಳಿದು ಬರಬಹುದು. ಎದುರಿನಿಂದ ವಾಹನಗಳು ಬರುತ್ತಿರುತ್ತವೆ, ಆಗೀಗ ಕಾಂಗರೂ ಅಡ್ಡ ಬರುವುದೂ ಉಂಟು. ವೇಗದ ಮಿತಿ ಗಂಟೆಗೆ 60 ಕಿಲೋಮೀಟರ್, ಮೀರಿದರೆ ಪೊಲೀಸರು ದಂಡ ಹಾಕುತ್ತಾರೆ.